ಹಡಗಿಗೆ ಮುಂಚೆ ಸೈಟು

ಸೋಮವಾರ ಬೆಳಿಗ್ಗೆ ಭಾವನ ಫೋನು. ಕ್ಷೇಮ ಸಮಾಚಾರ ಇಲ್ಲ, ಮಳೆಯ ಸುದ್ದಿ ಇಲ್ಲ. "ಮಾರಾಯ, ನೀನು ಪೇಪರಿನವ, ನಿನಗೆ ಗೊತ್ತಿರ್ತದೆ. ನಮ್ಮ ಕಡೆ ದೊಡ್ಡ ಶಿಪ್‌ಯಾರ್ಡ್ ಬರ್ತದಂತಲ್ಲ, ಎಲ್ಲಿ? ಪಡುಬಿದ್ರೆ ಬದಿಯಾ, ಬೈಂದೂರು ಬದಿಯಾ? ಒಂದಿಪ್ಪತ್ತು ಸೆಂಟ್ಸ್ ಈಗಲೇ ಹಿಡಿದಿಡುವ ಅಂತ."

ಬರ್ತದೆ ಅಂತ ಹೇಳಿದ್ದು ಯಾರು ಎಂದೆ. ಭಾನುವಾರದ ಸಭೆಯಲ್ಲಿ ಹೇಳಿದರಂತೆ. ಆ ಸಭೆಗೆ ನಾನೂ ಹೋಗಿದ್ದೆ. ವೇದಿಕೆಯಲ್ಲಿದ್ದವರು ಹೇಳಿದ್ದು ‘ಬರಬೇಕು’ ಎಂದು. ಊಟದ ಹಾಲಿಗೆ ಬರುವಷ್ಟರಲ್ಲಿ ಅದು ‘ಬರುತ್ತದೆ’ ಆಗಿತ್ತು. ಭಾವನ ಮನೆ ಮುಟ್ಟುವಾಗ ಸೆಂಟ್ಸಿಗೆ ಇಷ್ಟು ಎಂದು ರೇಟೂ ಕುದುರಿತ್ತು.

ಸಭೆಯ ಬೇಡಿಕೆ ನಿಮಗೂ ಗೊತ್ತಿರುವುದೇ. ಕೇಂದ್ರ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಹಡಗು ಕಟ್ಟುವುದಕ್ಕೆಂದು 69,725 ಕೋಟಿ ರೂಪಾಯಿಯ ಗಂಟು ಬಿಚ್ಚಿತಲ್ಲ, ಅಂದಿನಿಂದ ಕರಾವಳಿಯ ರಾಜ್ಯಗಳೆಲ್ಲ ಎಲೆ ಹಾಕಿ ಕುಳಿತಿವೆ. ಆಂಧ್ರದವರ ಬಾಯಲ್ಲಿ ದುಗರಾಜಪಟ್ಟಣಂ, ತಮಿಳುನಾಡಿನವರ ಬಾಯಲ್ಲಿ ತೂತ್ತುಕುಡಿ. ನಮಗೂ ಒಂದು ಬೇಡವೇ ಎಂಬುದು ಭಾನುವಾರದ ಸಭೆಯ ಸಾರ. ಕಾರವಾರದಿಂದ ತಲಪಾಡಿವರೆಗೆ ಮುನ್ನೂರು ಕಿಲೋಮೀಟರ್ ಕಡಲು ಇಟ್ಟುಕೊಂಡು ಸುಮ್ಮನಿರುವುದೇ ಎಂದು ಒಬ್ಬರು ಮೇಜು ಕುಟ್ಟಿದರು. ಮೂವರು ಮಾತನಾಡಿದರು. ನಾನು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಗೀಟು ಹಾಕುತ್ತ ಕುಳಿತೆ. ‘ಎಕರೆ’ ಎಂಬ ಶಬ್ದ ಹದಿನೇಳು ಸಲ ಬಂತು. ‘ವೆಲ್ಡರ್’ ಒಂದು ಸಲವೂ ಬರಲಿಲ್ಲ.

ನನಗೆ ಸಿಟ್ಟು ಬಂದದ್ದು ಅಲ್ಲಿ.

ಹಡಗು ಕಟ್ಟುವುದು ಬೇಡ ಎನ್ನುವವ ನಾನಲ್ಲ. ಭಾವನಗರದಲ್ಲಿ (ನನ್ನ ಭಾವನಿಗೂ ಆ ಊರಿಗೂ ಸಂಬಂಧವಿಲ್ಲ) ಪ್ರಧಾನಿ ಹೇಳಿದ ಲೆಕ್ಕ ಯಾರಿಗಾದರೂ ಚುರುಕು ಮುಟ್ಟಿಸಬೇಕು. ನಮ್ಮ ಸರಕು ಸಾಗಿಸಲು ವಿದೇಶಿ ಹಡಗು ಕಂಪನಿಗಳಿಗೆ ವರ್ಷಕ್ಕೆ ಸುಮಾರು ಆರು ಲಕ್ಷ ಕೋಟಿ ರೂಪಾಯಿ ಬಾಡಿಗೆ ಕೊಡುತ್ತಿದ್ದೇವೆ. ಐವತ್ತು ವರ್ಷದ ಹಿಂದೆ ನಮ್ಮ ವಿದೇಶ ವ್ಯಾಪಾರದ ಶೇ 40ರಷ್ಟು ನಮ್ಮದೇ ಹಡಗುಗಳಲ್ಲಿ ಹೋಗುತ್ತಿತ್ತು, ಈಗ ಶೇ 5. ಇನ್ನು ಹಡಗು ಕಟ್ಟುವ ವಿಷಯಕ್ಕೆ ಬಂದರೆ, ಪ್ರಪಂಚದಲ್ಲಿ ಚೀನಾ ಒಂದೇ ಅರ್ಧಕ್ಕಿಂತ ಹೆಚ್ಚು ಕಟ್ಟುತ್ತದೆ, ಉಳಿದದ್ದರಲ್ಲಿ ಬಹುಪಾಲು ಕೊರಿಯಾ, ಜಪಾನಿನವರದ್ದು. ನಮ್ಮ ಪಾಲು ಶೇ 1 ಕೂಡ ಇಲ್ಲ. ಒಡೆಯುವುದರಲ್ಲಿ ಮಾತ್ರ ನಮ್ಮನ್ನು ಮೀರಿಸಿದವರು ಕಡಿಮೆ. ಗುಜರಾತಿನ ಅಲಂಗ್‌ಗೆ ಪ್ರಪಂಚದ ಮುದಿ ಹಡಗುಗಳೆಲ್ಲ ಸಾಯಲು ಬರುತ್ತವೆ. ನಮ್ಮದೇ ಐಎನ್‌ಎಸ್ ವಿರಾಟ್ ಕೂಡ ಕೊನೆಗೆ ಅಲ್ಲೇ ಗುಜರಿಯಾಯಿತು.

ಆದ್ದರಿಂದ ಕಟ್ಟಬೇಕು. ಆದರೆ ಎಕರೆಯಿಂದ ಶುರು ಮಾಡಿದರೆ ಏನಾಗುತ್ತದೆ ಎಂಬುದನ್ನು ನಾವು ಒಮ್ಮೆ ನೋಡಿಯಾಗಿದೆ. 2002ರಿಂದ 2007ರವರೆಗೆ ಹಡಗು ಕಟ್ಟುವವರಿಗೆ ಶೇ 30 ಸಬ್ಸಿಡಿ ಇತ್ತು. ಖಾಸಗಿ ಯಾರ್ಡುಗಳು ಅಣಬೆಗಳಂತೆ ಎದ್ದವು. ಸಬ್ಸಿಡಿ ನಿಂತಿತು, ಮರುವರ್ಷ ಜಗತ್ತಿನ ಮಾರುಕಟ್ಟೆ ಬಿತ್ತು, ಆರ್ಡರ್‌ಗಳು ರದ್ದಾದವು. ಎಬಿಜಿ ಶಿಪ್‌ಯಾರ್ಡ್ ಕತೆ ಸಿಬಿಐ ಎಫ್‌ಐಆರ್‌ನಲ್ಲಿದೆ, 22,842 ಕೋಟಿ ರೂಪಾಯಿಯ ಬ್ಯಾಂಕ್ ವಂಚನೆ ಪ್ರಕರಣ. ನಮ್ಮ ತಣ್ಣೀರುಬಾವಿಯಲ್ಲಿ ಯಾರ್ಡ್ ಇಟ್ಟುಕೊಂಡಿದ್ದ ಭಾರತಿ ಕಂಪನಿಯ ಬಾಗಿಲು ಮುಚ್ಚಿಸಲು 2019ರಲ್ಲಿ ಆದೇಶವಾಯಿತು. ಮಲ್ಪೆಯ ಟೆಬ್ಮಾ ಕೂಡ ಸಾಲದಲ್ಲಿ ಮುಳುಗಿ ದಿವಾಳಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿತು. ಈ ಯಾರ್ಡುಗಳಲ್ಲಿ ಯಾವುದಕ್ಕೂ ಜಾಗದ ಕೊರತೆ ಇರಲಿಲ್ಲ, ನೆನಪಿರಲಿ.

ಇನ್ನೂ ಹಿಂದೆ ಹೋಗಬೇಕೆಂದರೆ ಹೋಗಬಹುದು. ಟಿಪ್ಪು ಹೆಸರೆತ್ತಿದರೆ ಎರಡೂ ಕಡೆಯವರು ನನಗೆ ಪತ್ರ ಬರೆಯುತ್ತಾರೆ, ಬರೆಯಲಿ. 1796ರಲ್ಲಿ ಆತ ನಲವತ್ತರ ಆಸುಪಾಸು ಯುದ್ಧನೌಕೆ ಕಟ್ಟಬೇಕೆಂದು ಫರ್ಮಾನು ಹೊರಡಿಸಿದ. ಮಂಗಳೂರು, ಮಿರ್ಜಾನ್, ಸದಾಶಿವಗಡ ಬದಿ ಎಂದು ಮೂರು ಕಡೆ ಹಡಗು ಕಟ್ಟುವ ಜಾಗವೂ ಗೊತ್ತಾಯಿತು. ಮೂರು ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು, ನೌಕಾಪಡೆ ಕಾಗದದಲ್ಲೇ ಉಳಿಯಿತು. ಕರಾವಳಿಗೆ ಹಡಗು ಕಟ್ಟುವ ಸಂಕೀರ್ಣ ಘೋಷಿಸುವ ಪದ್ಧತಿ ಇಂದು ನಿನ್ನೆಯದಲ್ಲ.

ಈಗ ನನ್ನ ಐಟಿಐ ಪುರಾಣ. ಈ ಅಂಕಣವನ್ನು ವರ್ಷಗಳಿಂದ ಸಹಿಸಿಕೊಂಡವರಿಗೆ ಇದು ಬಾಯಿಪಾಠ. ಬೇಸರವಾದವರು ಒಂದೆರಡು ಪ್ಯಾರಾ ಹಾರಿಸಿ.

ಕಳೆದ ತಿಂಗಳು ಮಲ್ಪೆ ಹತ್ತಿರ ಹೊಳೆ ದಡದಲ್ಲಿ ಒಂದು ಬೋಟ್ ಕಟ್ಟುವ ಜಾಗಕ್ಕೆ ಹೋಗಿದ್ದೆ. ಮರದ ದಿಮ್ಮಿಗಳ ಮೇಲೆ ಸ್ಟೀಲ್ ಟ್ರಾಲ್ ಬೋಟ್ ಕುಳಿತಿತ್ತು. ಅದರ ಹೊಟ್ಟೆಯಡಿ ಒಂದು ಹಳೆಯ ಪ್ಲೈವುಡ್ ಹಾಳೆ ಹಾಸಿ ಒಬ್ಬ ಹುಡುಗ ಅಂಗಾತ ಮಲಗಿದ್ದ. ಕುತ್ತಿಗೆಗೆ ಒದ್ದೆ ಬೈರಾಸು ಸುತ್ತಿಕೊಂಡಿದ್ದ. ತಲೆಯ ಮೇಲಿನ ತಗಡಿಗೆ ವೆಲ್ಡಿಂಗ್, ಕಿಡಿಯೆಲ್ಲ ಅವನ ಮೈಮೇಲೆ. ಒಂದು ರಾಡ್ ಮುಗಿಯಿತು. ಮುಖವಾಡ ಎತ್ತಿ, ಪುಟ್ಟ ಸುತ್ತಿಗೆಯಿಂದ ಮೇಲಿನ ಕಿಟ್ಟ ಕುಟ್ಟಿ ಉದುರಿಸಿ, ತಂತಿ ಬ್ರಶ್ಶಿನಿಂದ ಉಜ್ಜಿ, ಟಾರ್ಚ್ ಹಾಕಿ ನೋಡಿದ. ಕಡ್ಲೆ ಬೇಳೆಯಷ್ಟು ಜಾಗದಲ್ಲಿ ಎರಡು ಗುಳ್ಳೆ. ನನ್ನ ಕಣ್ಣಿಗೆ ಕಾಣಲೂ ಇಲ್ಲ. ಮಾತಿಲ್ಲದೆ ಗ್ರೈಂಡರ್ ತೆಗೆದು ಅಷ್ಟನ್ನೂ ಕೆರೆದು ಹಾಕಿ ಮತ್ತೆ ಮಲಗಿದ. ಬೋಟಿನಲ್ಲೇ ಇಷ್ಟು ಎಂದರೆ, ಹಡಗಿನಲ್ಲಿ ಇಂಥ ಬೆಸುಗೆ ಕಿಲೋಮೀಟರ್‌ಗಟ್ಟಲೆ. ಮುಖ್ಯವಾದ ಕಡೆಗಳಲ್ಲಿ ಎಕ್ಸ್‌ರೇ ತೆಗೆದು ನೋಡುತ್ತಾರೆ. ಸರ್ವೇಯರ್ ಒಪ್ಪದಿದ್ದರೆ ಕೆರೆದು ಮತ್ತೆ ಹಾಕಬೇಕು, ದಿನ ತಪ್ಪುತ್ತದೆ, ದಿನ ತಪ್ಪಿದರೆ ದಂಡ, ಸಾಲದ ಮೇಲೆ ಬಡ್ಡಿ ಓಡುತ್ತಲೇ ಇರುತ್ತದೆ. ಯಾರ್ಡ್ ಬದುಕುವುದೂ ಸಾಯುವುದೂ ಆ ಗುಳ್ಳೆಯಲ್ಲಿ.

ಹುಡುಗ ಒಡಿಶಾದವನು. ಊರಿನ ಹುಡುಗರು ಇಲ್ಲವಾ ಎಂದು ಧಣಿಗಳನ್ನು ಕೇಳಿದೆ. "ಕಲಿಯುವವರೆಗೆ ನಮ್ಮಲ್ಲಿ, ಕಲಿತ ಮೇಲೆ ದುಬೈಯಲ್ಲಿ" ಎಂದರು. ಸುಳ್ಳಲ್ಲ. ನನ್ನ ಪಕ್ಕದ ಮನೆಯವರೇ ದುಬೈ ಡ್ರೈಡಾಕ್‌ನಲ್ಲಿ ಹದಿನೆಂಟು ವರ್ಷ ಬೆಸುಗೆ ಹಾಕಿ ಊರಲ್ಲಿ ತಾರಸಿ ಮನೆ ಕಟ್ಟಿದವರು. ಅವರು ಕೈಯಾಡಿಸಿದ ಹಡಗುಗಳು ಎಲ್ಲೆಲ್ಲಿ ತೇಲುತ್ತಿವೆಯೋ.

ಒಂದು ಐಟಿಐಗೂ ಹೋದೆ, ಹೆಸರು ಬೇಡ. ವೆಲ್ಡಿಂಗ್ ಟ್ರೇಡಿನ ಹುಡುಗರು ನೋಟ್‌ಬುಕ್ಕಿನಲ್ಲಿ ವೆಲ್ಡಿಂಗ್ ಯಂತ್ರದ ಚಿತ್ರ ಬರೆಯುತ್ತಿದ್ದರು. ಬಣ್ಣವನ್ನೂ ತುಂಬಿದ್ದರು. ಪ್ರಾಕ್ಟಿಕಲ್ ಎಂದರೆ, "ರಾಡ್ ಮುಗಿದಿದೆ ಸರ್, ಇಂಡೆಂಟ್ ಹಾಕಿದ್ದೇವೆ" ಎಂದರು ಮೇಷ್ಟ್ರು. ಯಾವಾಗ ಹಾಕಿದ್ದು ಎಂದು ಕೇಳಲು ನನಗೇ ಧೈರ್ಯ ಬರಲಿಲ್ಲ.

ಕೊರಿಯಾದವರ ಕತೆಯನ್ನು ಭಾನುವಾರ ಒಬ್ಬರು ಹೇಳಿದರು, ಅರ್ಧ ಹೇಳಿದರು. ಹ್ಯುಂಡೈನ ಚುಂಗ್ ಜು-ಯುಂಗ್ ಸಾಲ ಕೇಳಲು ಬ್ರಿಟನ್ನಿಗೆ ಹೋಗಿ, ಐನೂರು ವೊನ್ ನೋಟಿನ ಮೇಲಿದ್ದ ಆಮೆ ಹಡಗಿನ ಚಿತ್ರ ತೋರಿಸಿ, ‘ನಾಲ್ಕು ನೂರು ವರ್ಷದ ಹಿಂದೆಯೇ ನಾವು ಇದನ್ನು ಕಟ್ಟಿದವರು’ ಎಂದು ಒಪ್ಪಿಸಿದ ಕತೆ. ಚಪ್ಪಾಳೆ ಬಿತ್ತು. ಉಳಿದರ್ಧ ಹೀಗಿದೆ. ಯಾರ್ಡ್ ಬರಬೇಕಿದ್ದ ಉಲ್ಸಾನಿನಲ್ಲಿ ಇನ್ನೂ ಬರಿ ಮರಳು ಇರುವಾಗಲೇ ಆತ ಗ್ರೀಸಿನ ಹಡಗು ಮಾಲೀಕ ಲಿವನೊಸ್ ಹತ್ತಿರ ಎರಡು ಭಾರೀ ಟ್ಯಾಂಕರಿನ ಆರ್ಡರ್ ಹಿಡಿದ. ತನ್ನ ಜನರನ್ನು ಸ್ಕಾಟ್ಲೆಂಡಿನ ಯಾರ್ಡಿಗೆ ಕಲಿಯಲು ಕಳಿಸಿದ. ಒಂದು ಕಡೆ ಡಾಕ್ ತೋಡುತ್ತ ಇನ್ನೊಂದು ಕಡೆ ಹಡಗನ್ನೂ ಕಟ್ಟಿದರು. 1972ರಲ್ಲಿ ಗುದ್ದಲಿ ಹಾಕಿದ್ದು, 1974ರಲ್ಲಿ ಮೊದಲ ಟ್ಯಾಂಕರ್ ಹೊರಗೆ.

ಅದೇ 1972ರಲ್ಲಿ ಕೊಚ್ಚಿ ಶಿಪ್‌ಯಾರ್ಡಿಗೆ ಇಂದಿರಾ ಗಾಂಧಿ ಅಡಿಗಲ್ಲು ಇಟ್ಟರು. ಮೊದಲ ಹಡಗು ರಾಣಿ ಪದ್ಮಿನಿ ಮಾಲೀಕರ ಕೈ ಸೇರಿದ್ದು 1981ರಲ್ಲಿ. ಕೊಚ್ಚಿಯನ್ನು ಹೀಯಾಳಿಸಲು ಹೇಳುತ್ತಿಲ್ಲ. ಆಮೇಲೆ ಅದೇ ಯಾರ್ಡ್ ವಿಕ್ರಾಂತ್ ಎಂಬ ವಿಮಾನವಾಹಕ ನೌಕೆಯನ್ನೇ ಕಟ್ಟಿ 2022ರಲ್ಲಿ ನೌಕಾಪಡೆಗೆ ಒಪ್ಪಿಸಿತು. ಕೈ ಪಳಗಲು ಐವತ್ತು ವರ್ಷ ಹಿಡಿಯಿತು, ಅಷ್ಟೇ. ಆ ಐವತ್ತು ವರ್ಷ ಯಾವ ಬಜೆಟ್ ಭಾಷಣದಲ್ಲೂ ಇರುವುದಿಲ್ಲ.

ಕೈ ಎಂದಾಗ ನೆನಪಾಯಿತು. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ಕೌಂಡಿನ್ಯ ಎಂಬ ಹಾಯಿ ಹಡಗನ್ನು ನೌಕಾಪಡೆಗೆ ಸೇರಿಸಿಕೊಂಡರಲ್ಲ. ಅಜಂತಾದ ಚಿತ್ರ ನೋಡಿ, ಐದನೇ ಶತಮಾನದವರಂತೆ ಹಲಗೆಗೆ ಹಲಗೆ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ್ದು. ಪೋರಬಂದರಿನಿಂದ ಹೊರಟು ಮಸ್ಕತ್ತಿಗೂ ಮುಟ್ಟಿತು. ಅದಕ್ಕೆ ಯಾವ ಸಂಕೀರ್ಣವೂ ಬೇಕಾಗಲಿಲ್ಲ. ಗೋವಾದ ಒಂದು ಸಣ್ಣ ಯಾರ್ಡ್, ಹೊಲಿಯುವ ವಿದ್ಯೆ ಮರೆಯದ ಕೇರಳದ ಬಾಬು ಶಂಕರನ್ ಎಂಬ ಮೇಸ್ತ್ರಿ, ಅವರ ಜೊತೆಗಾರರು. ಅವರು ಇಲ್ಲದೆ ಹೋಗಿದ್ದರೆ ಸಾವಿರ ಎಕರೆ ಕೊಟ್ಟಿದ್ದರೂ ಆ ಹಡಗು ಅಜಂತಾದ ಗೋಡೆಯಿಂದ ಇಳಿಯುತ್ತಿರಲಿಲ್ಲ.

ಸಭೆಯಲ್ಲಿ ಇನ್ನೊಂದು ಸಂಗತಿಯನ್ನು ಯಾರೂ ಎತ್ತಲಿಲ್ಲ. ನಮಗೆ ಈಗಾಗಲೇ ಒಂದು ಶಿಪ್‌ಯಾರ್ಡ್ ಇದೆ! ಸಭೆ ನಡೆದ ಹಾಲಿನಿಂದ ಹೆಚ್ಚು ದೂರವೂ ಇಲ್ಲ. ಆ ದಿವಾಳಿಯಾದ ಟೆಬ್ಮಾವನ್ನು 2020ರಲ್ಲಿ ಕೊಚ್ಚಿಯವರು ಕೊಂಡು, 2022ರಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟರು. ಮಲ್ಪೆಯ ಬಾಪುತೋಟದಲ್ಲಿ ಟಗ್ ಕಟ್ಟಿದರು. 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿ 3,800 ಟನ್ ಹೊರುವ ಆರು ಸರಕು ಹಡಗಿಗೆ ಆರ್ಡರ್ ಕೊಟ್ಟಿತು. ಮರುವರ್ಷ ಅದೇ ಕಂಪನಿ 6,300 ಟನ್ನಿನ ಹಡಗು ಬೇಕೆಂದು ವಾಪಸ್ ಬಂತು. ಗಿರಾಕಿ ಎರಡನೇ ಸಲ ಅಂಗಡಿ ಮೆಟ್ಟಿಲು ಹತ್ತುವುದು ಎಷ್ಟು ದೊಡ್ಡ ವಿಷಯ ಎಂಬುದು ರಥಬೀದಿಯ ಜವಳಿ ವ್ಯಾಪಾರಿಗೂ ಗೊತ್ತು. ನಾರ್ವೆಯವರಿಗೆ ಗೊತ್ತಿರುವ ಮಲ್ಪೆ ನಮ್ಮ ವೇದಿಕೆಯ ಮೇಲಿನವರಿಗೆ ಬರಿ ಬೀಚು.

ಆ ಯಾರ್ಡಿಗೆ ಏನು ಬೇಕು ಎಂದು ಒಂದು ಸಭೆ ಕರೆಯಿರಿ, ನಾನು ಮೊದಲ ಸಾಲಿನಲ್ಲಿ ಕೂರುತ್ತೇನೆ. ಅಳಿವೆಯಲ್ಲಿ ಹೂಳು ತುಂಬಿದರೆ ಹಡಗು ಹೊರಗೆ ಹೋಗುವುದು ಹೇಗೆ? ಅದನ್ನೇ ಮೀನುಗಾರರು ಎಷ್ಟು ವರ್ಷದಿಂದ ಹೇಳುತ್ತಿದ್ದಾರೆ? ಹಡಗಿನ ದೊಡ್ಡ ಎಂಜಿನ್ ಹೊರದೇಶದಿಂದಲೇ ತರಿಸಬೇಕಾದ ಗತಿ ಎಲ್ಲಿಯವರೆಗೆ? ಉಕ್ಕಿನ ತಗಡು ಇಲ್ಲಿಗೆ ಯಾವ ದರಕ್ಕೆ ಬಂದು ಬೀಳುತ್ತದೆ? (ಉಳ್ಳಾಲದ ಕಡಲಿನಲ್ಲಿ 2022ರ ಮಳೆಗಾಲದಲ್ಲಿ ಮುಳುಗಿದ ಪ್ರಿನ್ಸೆಸ್ ಮಿರಾಲ್ ನೆನಪಿದೆಯಾ? ಚೀನಾದಿಂದ ಲೆಬನಾನಿಗೆ ಉಕ್ಕಿನ ಸುರುಳಿ ಹೊತ್ತು ಹೊರಟಿತ್ತು. ನಮ್ಮ ಕರಾವಳಿಗೆ ಪುಕ್ಕಟೆ ಬಂದ ಉಕ್ಕು ಅದೊಂದೇ ಇರಬೇಕು.) ಹೊಸ ಸಂಕೀರ್ಣಕ್ಕೆ ಕಡಲ ತಡಿಯೇ ಬೇಕು, ಆ ತಡಿಯಲ್ಲಿ ಮೀನು ಒಣಗಿಸುವವರಿದ್ದಾರೆ. ಹೊನ್ನಾವರದ ಟೊಂಕ, ಅಂಕೋಲೆಯ ಕೇಣಿ, ಎರಡೂ ಕಡೆ ಬಂದರಿನ ಹೆಸರಲ್ಲಿ ಮೀನುಗಾರರಿಗೆ ಏನೇನಾಯಿತು ಎಂಬುದನ್ನು ಪೇಪರ್ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೇಂದ್ರದ ಗಂಟಿನಲ್ಲಿ ಹಡಗು ಕಟ್ಟುವವರಿಗೆ ನೇರ ನೆರವೆಂದು 24,736 ಕೋಟಿ ಇದೆ, 2036ರ ಮಾರ್ಚ್‌ವರೆಗೆ. ಹತ್ತು ವರ್ಷದ ಅವಕಾಶ. ಇವತ್ತು ಐಟಿಐಗೆ ಸೇರಿದ ಹುಡುಗನಿಗೆ ಅಷ್ಟರಲ್ಲಿ ಇಪ್ಪತ್ತಾರೋ ಇಪ್ಪತ್ತೇಳೋ ಆಗುತ್ತದೆ, ಕೈ ಪಳಗಿದ ವಯಸ್ಸು. ಅವನಿಗೆ ರಾಡ್ ಕೊಡಿ. ಬಾಪುತೋಟದಲ್ಲಿ ಅಪ್ರೆಂಟಿಸ್ ಮಾಡಿಸಿ, ದುಬೈಯಿಂದ ಬಂದ ನನ್ನ ಪಕ್ಕದ ಮನೆಯವರಂಥವರನ್ನು ಮೇಷ್ಟ್ರಾಗಿ ಕರೆಸಿ. ಹೆಚ್ಚು ಖರ್ಚಿನ ಕೆಲಸವೇನೂ ಅಲ್ಲ. ಖರ್ಚು ಕಡಿಮೆ ಎಂಬುದೇ ಬಹುಶಃ ಇದರ ದೋಷ.

ಇದನ್ನು ಬರೆದು ಮುಗಿಸುವಾಗ ಮತ್ತೆ ಭಾವನ ಫೋನು.

"ಹಾಗಾದ್ರೆ ಜಾಗ ತೆಗೆಯುವುದು ಬೇಡವಾ ಮಾರಾಯ?"

"ಜಾಗ ಬಿಡಿ ಭಾವ. ಶಿಪ್‌ಯಾರ್ಡ್ ಬಂದೇ ಬರ್ತದೆ ಅಂತ ನಂಬಿಕೆ ಇದ್ರೆ ಸಣ್ಣವನನ್ನು ವೆಲ್ಡಿಂಗ್ ಕಲಿಯಲಿಕ್ಕೆ ಹಾಕಿ. ಹಡಗು ಕಟ್ಟುವವರಿಗೆ ಬೇಕಾಗೋದು ಅಂಥವರೇ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅವನಿಗೆ ಕಂಪ್ಯೂಟರ್ ಸೈನ್ಸ್ ಸೀಟ್ ಸಿಕ್ಕಿದೆ" ಎಂದು ಫೋನ್ ಇಟ್ಟರು.