ದಿವಾಳಿಯ ಅರ್ಜಿಯೂ ಮಾನವಂತನ ಮಾನವೂ

ಸಾಲವೇ ಶೂಲವೆಂಬುದು ನಮ್ಮಲ್ಲಿ ಮಕ್ಕಳೂ ಬಲ್ಲ ಗಾದೆ. ಆದರೆ ಆ ಶೂಲದಿಂದ ಇಳಿಯುವುದಕ್ಕೆ ಕಾಯಿದೆಯೇ ಒಂದು ದಾರಿಯನ್ನು ಮಾಡಿಕೊಟ್ಟಿರುವುದೆಂಬ ಸಂಗತಿಯನ್ನು ಓದುಬರಹ ಬಲ್ಲವರಲ್ಲಿಯಾದರೂ ಎಷ್ಟು ಜನರು ಅರಿತಿರುವರು? ಇಂಥವನು ದಿವಾಳಿ ತೆಗೆದನಂತೆ ಎಂದು ಪೇಟೆಯಲ್ಲಿ ಸುದ್ದಿ ಹುಟ್ಟಿದರೆ ಸಾಕು, ಆತನು ಮೋಸಗಾರನೆಂದೇ ನಾವು ತೀರ್ಪು ಕೊಟ್ಟುಬಿಡುವೆವು. ಈ ತೀರ್ಪಿನ ಅಂಜಿಕೆಯಿಂದ ಒಬ್ಬನು ಊರು ಬಿಟ್ಟು ಓಡುವನು. ಮತ್ತೊಬ್ಬನು ಹೆಚ್ಚಿನ ಬಡ್ಡಿಗೆ ಹೊಸ ಸಾಲ ತಂದು ಹಳೆಯ ಸಾಲದ ಬಾಯಿಗೆ ಹಾಕುವನು. ಇನ್ನೊಬ್ಬನು ಹೆಂಡಿರುಮಕ್ಕಳನ್ನು ದಿಕ್ಕಿಲ್ಲದವರನ್ನಾಗಿ ಮಾಡಿ ಪ್ರಾಣವನ್ನೇ ಕಳೆದುಕೊಳ್ಳುವನು. ನನ್ನಲ್ಲಿರುವುದು ಇಷ್ಟು, ನಾನು ಕೊಡಬೇಕಾದುದು ಇಷ್ಟು ಎಂದು ನ್ಯಾಯಾಲಯದ ಮುಂದೆ ಬಹಿರಂಗವಾಗಿ ಒಪ್ಪಿಕೊಳ್ಳುವವನು ಮಾನಗೇಡಿಯಲ್ಲ, ಮಾನವಂತನೇ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಇಂದಿಗೂ ನಮ್ಮ ಜಿಲ್ಲೆಗಳ ಸಾಮಾನ್ಯ ಋಣಿಗೆ ಆಧಾರವಾಗಿರುವುದು 1920ರ ಪ್ರಾಂತಿಕ ದಿವಾಳಿ ಕಾಯಿದೆ. 2016ರಲ್ಲಿ ಸಂಸತ್ತು ಹೊಸ ಸಂಹಿತೆಯೊಂದನ್ನು ಮಾಡಿತು ನಿಜ. ಆದರೆ ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಭಾಗವು 2019ರ ಡಿಸೆಂಬರ್ 1ರಿಂದ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಗೆ ಬಂದಿತು. ರೈತನೂ ಅಂಗಡಿಕಾರನೂ ಉಪಾಧ್ಯಾಯನೂ ನೂರು ವರ್ಷ ಮೀರಿದ ಹಳೆಯ ಬಾಗಿಲನ್ನೇ ತಟ್ಟಬೇಕಾಗಿದೆ.

ಆ ಬಾಗಿಲನ್ನು ತಟ್ಟುವವನು ಏನನ್ನು ನಿರೀಕ್ಷಿಸಬೇಕು? ಸಾಲವು 500 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ಇದ್ದು, ತೀರಿಸಲು ಶಕ್ತಿಯಿಲ್ಲದವನು ಜಿಲ್ಲಾ ನ್ಯಾಯಾಲಯಕ್ಕೆ, ಅಥವಾ ಅಧಿಕಾರ ಪಡೆದ ಕೆಳಗಿನ ನ್ಯಾಯಾಲಯಕ್ಕೆ, ಅರ್ಜಿ ಕೊಡಬಹುದು. ಸಾಲ ಕೊಟ್ಟವರೆಲ್ಲರ ಹೆಸರು, ವಾಸಸ್ಥಳ, ಸಾಲದ ಮೊತ್ತ, ತನ್ನ ಆಸ್ತಿಯ ವಿವರ ಮತ್ತು ಬೆಲೆ ಇವನ್ನೆಲ್ಲ ಅದರಲ್ಲಿ ಬರೆದು, ಆ ಆಸ್ತಿಯನ್ನು ನ್ಯಾಯಾಲಯದ ಸ್ವಾಧೀನಕ್ಕೆ ಒಪ್ಪಿಸಲು ಸಿದ್ಧನೆಂದು ಹೇಳಬೇಕು. ಲೆಕ್ಕದ ಪುಸ್ತಕಗಳನ್ನು ಹಾಜರುಪಡಿಸಬೇಕು. ಸಾಲ ಕೊಟ್ಟವರಿಗೆ ನೋಟೀಸು ಹೋಗುವುದು, ರಾಜ್ಯಪತ್ರದಲ್ಲಿ ಪ್ರಕಟಣೆಯಾಗುವುದು. ಗುಟ್ಟಾಗಿ ದಿವಾಳಿಯಾಗುವುದು ಸಾಧ್ಯವಿಲ್ಲ, ಸಾಧ್ಯವಿರಲೂ ಕೂಡದು.

ದಿವಾಳಿಕೋರನೆಂದು ಆಜ್ಞೆಯಾದೊಡನೆ ಆಸ್ತಿಯು ನ್ಯಾಯಾಲಯಕ್ಕೆ ಅಥವಾ ಅದು ನೇಮಿಸಿದ ರಿಸೀವರನಿಗೆ ಸೇರುವುದು. ಬಿಡುಗಡೆಯ ಆಜ್ಞೆಯಾಗುವವರೆಗೆ ಹೊಸದಾಗಿ ಬರುವ ಆಸ್ತಿಯೂ ಹಾಗೆಯೇ. ಆದರೆ ಕಾಯಿದೆಯು ಮನುಷ್ಯನನ್ನು ಬೆತ್ತಲೆಯಾಗಿ ಬೀದಿಗೆ ನೂಕುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಜಪ್ತಿಗೆ ಒಳಗಾಗದಿರುವ ಉಡುಗೆತೊಡುಗೆ, ಅಡಿಗೆಯ ಪಾತ್ರೆ, ಹಾಸಿಗೆ, ಕಸಬುದಾರನ ಹತ್ಯಾರು, ಒಕ್ಕಲಿಗನ ನೇಗಿಲು, ದನ, ಬಿತ್ತನೆಯ ಕಾಳು, ಧರ್ಮಾಚಾರದಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ ಇವು ಉಳಿಯುವುವು. ಸಂಬಳದಲ್ಲಿ ಮೊದಲಿನ 1,000 ರೂಪಾಯಿಯೂ ಮಿಕ್ಕುದರ ಮೂರರಲ್ಲಿ ಎರಡು ಪಾಲೂ ಸಾಮಾನ್ಯ ಡಿಕ್ರಿಯ ಜಪ್ತಿಗೆ ಸಿಕ್ಕಲಾರವು. ಸಾಲ ಕೊಟ್ಟವರು ನ್ಯಾಯಾಲಯದ ಅಪ್ಪಣೆಯಿಲ್ಲದೆ ಬೇರೆ ದಾವೆ ಹೂಡುವಂತಿಲ್ಲ. ಸಾಲಕ್ಕಾಗಿ ಹಿಡಿದು ಸೆರೆಯಲ್ಲಿಡದಂತೆ ರಕ್ಷಣೆಯ ಆಜ್ಞೆಯನ್ನು ಬೇಡಬಹುದು. ಪ್ರಾಮಾಣಿಕವಾಗಿ ಶಕ್ತಿಯಿಲ್ಲದವನನ್ನು ಸೆರೆಗೆ ಹಾಕುವುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿಯೇ ಸಾರಿದೆ.

ಇದು ಸಾಲ ಮುಳುಗಿಸುವ ಉಪಾಯವಲ್ಲವೇ ಎಂದು ಕೆಲವರು ಕೇಳಬಹುದು. ಕಾಯಿದೆಯನ್ನು ಓದಿದವರು ಹಾಗೆ ಕೇಳಲಾರರು. ಮನೆಯನ್ನು ಹೆಂಡತಿಯ ಹೆಸರಿಗೂ ಹೊಲವನ್ನು ಭಾವಮೈದುನನ ಹೆಸರಿಗೂ ಬರೆದಿಟ್ಟು ಅರ್ಜಿ ಕೊಡುವ ಜಾಣರಿದ್ದಾರೆ. ಹಿಂದಿನ ಎರಡು ವರ್ಷಗಳೊಳಗೆ ಬೆಲೆ ಪಡೆಯದೆ ಮಾಡಿದ ಇಂಥ ವರ್ಗಾವಣೆಗಳನ್ನು ನ್ಯಾಯಾಲಯವು ರದ್ದುಪಡಿಸಬಲ್ಲದು. ಮೂರು ತಿಂಗಳೊಳಗೆ ಒಬ್ಬನಿಗೆ ಮಾತ್ರ ಪಕ್ಷಪಾತದಿಂದ ಸಲ್ಲಿಸಿದ್ದನ್ನು ಹಿಂದಕ್ಕೆ ಪಡೆಯಬಲ್ಲದು. ಲೆಕ್ಕ ಬಚ್ಚಿಟ್ಟವನನ್ನು ಒಂದು ವರ್ಷದವರೆಗೆ ಸೆರೆಗೆ ಕಳುಹಿಸಬಲ್ಲದು. ಜೂಜಿನಿಂದಲೋ ದುಂದುಗಾರಿಕೆಯಿಂದಲೋ ದಿವಾಳಿಯಾದವನಿಗೆ ಪೂರ್ಣ ಬಿಡುಗಡೆಯಿಲ್ಲ. ಆಸ್ತಿಯು ಸಾಲದ ಅರ್ಧಕ್ಕೂ ಸಾಲದಿದ್ದರೆ, ಅದು ತನ್ನ ತಪ್ಪಿನಿಂದಲ್ಲವೆಂದು ಋಣಿಯು ನ್ಯಾಯಾಲಯಕ್ಕೆ ಮನಗಾಣಿಸಬೇಕು. ಕಾಯಿದೆಯು ಕಳ್ಳನನ್ನೂ ಕಷ್ಟಕ್ಕೆ ಸಿಕ್ಕಿದವನನ್ನೂ ಬೇರೆಬೇರೆಯಾಗಿ ನೋಡುತ್ತದೆ. ಹಾಗೆ ನೋಡದಿರುವವರು ನಾವು.

ಆದರೂ ಭ್ರಮೆ ಬೇಡ. ಅಡವಿಟ್ಟ ಮನೆಯ ಮೇಲೆ, ಚಿನ್ನದ ಮೇಲೆ ಸಾಲ ಕೊಟ್ಟವನ ಹಕ್ಕು ಹಾಗೆಯೇ ನಿಲ್ಲುವುದು. ಸರಕಾರದ ಬಾಕಿ, ಮೋಸದಿಂದ ಮಾಡಿದ ಸಾಲ ಇವು ಬಿಡುಗಡೆಯ ಅನಂತರವೂ ಬೆನ್ನು ಬಿಡವು. ಎಲ್ಲಕ್ಕಿಂತ ಮುಖ್ಯವಾಗಿ, ಋಣಿಗೆ ಬಿಡುಗಡೆಯಾದರೂ ಅವನಿಗೆ ಜಾಮೀನು ನಿಂತವನಿಗೆ ಬಿಡುಗಡೆಯಿಲ್ಲ. ಸ್ನೇಹಕ್ಕಾಗಿ ಪತ್ತಿನ ಸಂಘದ ಕಾಗದಕ್ಕೆ ಸಹಿ ಹಾಕುವ ನಮ್ಮ ಉಪಾಧ್ಯಾಯ ಮಿತ್ರರು ಈ ಮಾತನ್ನು ಗಟ್ಟಿಯಾಗಿ ನೆನಪಿನಲ್ಲಿಡಲಿ. ಬಿಡುಗಡೆಯಾಗುವವರೆಗೆ ಶಾಸನಸಭೆಯ ಸದಸ್ಯತ್ವವಿಲ್ಲ. ತನ್ನ ಸ್ಥಿತಿಯನ್ನು ತಿಳಿಸದೆ 50 ರೂಪಾಯಿ ಸಾಲ ಪಡೆದರೂ ಅಪರಾಧ. ನ್ಯಾಯಾಲಯವು ಗೊತ್ತುಪಡಿಸಿದ ಅವಧಿಯೊಳಗೆ ಬಿಡುಗಡೆಗೆ ಬೇರೊಂದು ಅರ್ಜಿ ಕೊಡುವುದನ್ನು ಮರೆತರೆ, ಮೊದಲಿನ ಆಜ್ಞೆಯೇ ರದ್ದಾಗಿ ಪಟ್ಟ ಪಾಡೆಲ್ಲ ನೀರಿನಲ್ಲಿ ಹೋಮವಾಗುವುದು.

ಇಲ್ಲಿ ಸರಕಾರಕ್ಕೆ ನಾವು ಎರಡು ಮಾತು ಹೇಳಬೇಕಾಗಿದೆ. 2016ರ ಸಂಹಿತೆಯಲ್ಲಿ ಕಡುಬಡವರಿಗಾಗಿ ಹೊಸ ಆರಂಭವೆಂಬ ಸುಲಭ ಕ್ರಮವೊಂದುಂಟು. ವರ್ಷಕ್ಕೆ 60,000 ರೂಪಾಯಿಗೆ ಮೀರದ ವರಮಾನ, 20,000ಕ್ಕೆ ಮೀರದ ಆಸ್ತಿ, 35,000ಕ್ಕೆ ಮೀರದ ಸಾಲವುಳ್ಳ, ಸ್ವಂತ ಮನೆಯಿಲ್ಲದವನಿಗೆ ಅದು ಉದ್ದೇಶಿಸಿದ್ದು. ಕಾಗದದ ಮೇಲೆ ಬರೆದು ಇಷ್ಟು ವರ್ಷ ಕಳೆದರೂ ಅದು ಜಾರಿಗೆ ಬಂದಿಲ್ಲ. ಕರ್ನಾಟಕವು 2025ರಲ್ಲಿ ಕಿರುಸಾಲದವರ ಬಲಾತ್ಕಾರದ ವಸೂಲಿಯನ್ನು ತಡೆಯಲು ಕಾಯಿದೆ ಮಾಡಿದ್ದು ಸ್ತುತ್ಯವೇ ಸರಿ; ಆದರೆ ಹೊಡೆಯುವ ಕೈಯನ್ನು ಹಿಡಿದರೆ ಸಾಲದು, ಬಿದ್ದವನನ್ನು ಎತ್ತಬೇಕು. ಎರಡನೆಯದು, ಅರ್ಜಿಯ ಕ್ರಮವನ್ನು ತಿಳಿಗನ್ನಡದಲ್ಲಿ ಅಚ್ಚುಮಾಡಿಸಿ ಪ್ರತಿಯೊಂದು ತಾಲೂಕಿನ ನ್ಯಾಯಾಲಯದಲ್ಲಿಯೂ ಕೈಗೆ ಸಿಕ್ಕುವಂತೆ ಇಡಬೇಕು. ತನ್ನ ಮನೆಮಾರಿನ ಹಣೆಬರಹವನ್ನು ತನಗೆ ತಿಳಿಯದ ನುಡಿಯಲ್ಲಿ ಬರೆಸಿ ರುಜು ಹಾಕುವಂಥ ದುರವಸ್ಥೆ ಯಾವ ಕನ್ನಡಿಗನಿಗೂ ಬರಬಾರದು.

ಸರಕಾರವು ಮಾಡುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. 1987ರ ಕಾಯಿದೆಯಂತೆ ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಅಲ್ಪ ವರಮಾನದವರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ಸಹಾಯ ದೊರೆಯುವುದು. ನೆರೆಮನೆಯವನು ಸಾಲದ ಭಾರದಿಂದ ಮಂಕಾಗಿ ಕುಳಿತಿದ್ದರೆ, ಉಪಾಧ್ಯಾಯರೇ, ಅವನ ಬಳಿಗೆ ಹೋಗಿರಿ. ಸಾಲದ ಪಟ್ಟಿಯನ್ನು ಜತೆಯಲ್ಲಿ ಕುಳಿತು ಬರೆಯಿರಿ. ಆ ಕಚೇರಿಯವರೆಗೆ ಜತೆಗೆ ನಡೆಯಿರಿ. ಸಾಲವನ್ನು ತೀರಿಸಲಾರದವನಿಗೂ ಬದುಕುವ ಹಕ್ಕು ತೀರಿಲ್ಲವೆಂದು ಅವನಿಗೆ ಹೇಳುವವರು ಊರಿಗೆ ಒಬ್ಬರಾದರೂ ಇರಲಿ.