ಸೂತ್ರವೂ ಯಂತ್ರವೂ

ಸೂತ್ರವನ್ನು ಕಂಡುಹಿಡಿದವನು ಪಂಡಿತ, ಅದನ್ನು ಯಂತ್ರಕ್ಕೆ ಇಳಿಸಿದವನು ಬರಿಯ ಕಸಬುದಾರ ಎಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ಬೇರೂರಿದೆ. ಕಲಾ ವಿಭಾಗದವರಾದ ನಾವಂತೂ ಈ ಎರಡನೆಯವನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಲಕ್ಷಣಗ್ರಂಥವನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಕಚೇರಿ ನಡೆದೀತೆ?

ಧ್ವನಿಯಂಥ ಸಂಕೇತವನ್ನು ಅದರಲ್ಲಡಗಿರುವ ಬೇರೆ ಬೇರೆ ಕಂಪನಗಳಾಗಿ ಬಿಡಿಸುವ ಲೆಕ್ಕವನ್ನೇ ನೋಡೋಣ. ಅದನ್ನು ಬೇಗ ಮುಗಿಸುವ ಉಪಾಯವನ್ನು ಜರ್ಮನಿಯ ಗೌಸನು 1805ರ ಸುಮಾರಿಗೇ ಬರೆದಿಟ್ಟಿದ್ದನು. ಅವನು ತೀರಿಕೊಂಡ ಮೇಲೆ, 1866ರಲ್ಲಿ, ಅದು ಲ್ಯಾಟಿನ್ನಿನಲ್ಲಿ ಅಚ್ಚಾಯಿತು. ಬಹುಮಂದಿಯ ಕಣ್ಣಿಗೆ ಬೀಳದೆ ಅಲ್ಲಿಯೇ ಮಲಗಿತು. ಅದಕ್ಕೆ ಜೀವ ಬಂದದ್ದು ಅಮೆರಿಕದಲ್ಲಿ, 1960ರ ದಶಕದಲ್ಲಿ. ಟ್ಯೂಕಿ ಎಂಬ ಗಣಿತಜ್ಞರಿಗೆ ಅದೇ ಉಪಾಯ ಮತ್ತೆ ಹೊಳೆಯಿತು. ಭೂಗರ್ಭದಲ್ಲಿ ನಡೆಯುವ ಅಣುಸ್ಫೋಟಗಳನ್ನು ಭೂಕಂಪನದ ದಾಖಲೆಗಳಿಂದ ಪತ್ತೆಹಚ್ಚಲು ಇದು ಒದಗೀತೆಂದು ಗಾರ್ವಿನ್ ಎಂಬ ಭೌತವಿಜ್ಞಾನಿ ಊಹಿಸಿದರು. ಗಣಕಕ್ಕೆ ಅದನ್ನು ಅಳವಡಿಸುವ ಕೆಲಸ ಐಬಿಎಮ್ಮಿನ ಕೂಲಿ ಎಂಬವರ ಪಾಲಿಗೆ ಬಂತು. (ಹೆಸರೇ ಹಾಗಿದೆ, ಏನು ಮಾಡುವುದು!) ಅವರಿಗೆ ನಿಜವಾದ ಉದ್ದೇಶವನ್ನು ಹೇಳಲಿಲ್ಲ, ಹೀಲಿಯಂ ಹರಳಿನ ಅಧ್ಯಯನಕ್ಕೆಂದು ಹೇಳಿದರಂತೆ. 1965ರಲ್ಲಿ ಇಬ್ಬರ ಹೆಸರಿನಲ್ಲಿ ಲೇಖನ ಹೊರಬಿತ್ತು. 1024 ಅಳತೆಗಳಿಗೆ ಹತ್ತು ಲಕ್ಷಕ್ಕೂ ಮೀರಿ ಬೇಕಾಗಿದ್ದ ಗುಣಾಕಾರ ಹತ್ತು ಸಾವಿರದ ಆಸುಪಾಸಿಗೆ ಇಳಿಯಿತು.

ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಕಾಗದದ ಮೇಲಿನ ಸಂಖ್ಯೆಗೆ ಮೇರೆಯಿಲ್ಲ. ಚಿಪ್ಪಿನೊಳಗೆ ಅದಕ್ಕೆ ಕೊಟ್ಟ ಜಾಗ ಅಳೆದು ಇಟ್ಟದ್ದು. 16 ಬಿಟ್‌ಗಳಲ್ಲಿ, ಋಣಸಂಖ್ಯೆಗೂ ಎಡೆಯಿಟ್ಟರೆ, ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. ಅದಕ್ಕೆ ಒಂದನ್ನು ಕೂಡಿದರೆ, ತಡೆಯಿಲ್ಲದಿದ್ದಲ್ಲಿ, −32768 ಆಗಿ ಕುಳಿತುಕೊಳ್ಳುತ್ತದೆ! ಇಂಪಾದ ತಾರಸ್ವರ ಕರ್ಕಶವಾಗಿ ಒಡೆಯುತ್ತದೆ. ಹಾಗಾಗದಿರಲೆಂದು ಹಂತಹಂತಕ್ಕೂ ಸಂಖ್ಯೆಗಳನ್ನು ಅರ್ಧಿಸುತ್ತ ಹೋದರೋ, ಪಿಸುಮಾತು ಅಳಿಸಿಹೋಗುತ್ತದೆ. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲಿಸಬೇಕೆಂಬುದನ್ನು ಸೂತ್ರ ಹೇಳುವುದಿಲ್ಲ. ಕಟ್ಟುವವನೇ ಯೋಚಿಸಬೇಕು. ಇದು ಪಾಂಡಿತ್ಯವಲ್ಲದಿದ್ದರೆ ಯಾವುದು ಪಾಂಡಿತ್ಯ?

ನಮಗೂ ಇದಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ದೂರವಾಣಿಯ ಹಳೆಯ ಪದ್ಧತಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆಯುತ್ತಾರೆ. ಅದರ ಅರ್ಧಕ್ಕಿಂತ, ಎಂದರೆ 4000 ಹರ್ಟ್ಸ್‌ಗಿಂತ, ಮೇಲಿನ ಕಂಪನಗಳು ಉಳಿಯುವುದಿಲ್ಲ. ನಮ್ಮ ಸಕಾರದ ಸೀತ್ಕಾರ ಬಹುಪಾಲು ಇರುವುದು ಅಲ್ಲಿಯೇ. ಮಾತು ತಿಳಿದರೆ ಸಾಕೆಂದು ಯಾರೋ ಹಾಕಿದ ಗೆರೆ ಅದು. ಕನ್ನಡವನ್ನು ಕೇಳಿ ಬರೆದುಕೊಳ್ಳುವ ತಂತ್ರಾಂಶಗಳು ಇಂದು ಬಂದಿವೆ. ಅವುಗಳಲ್ಲಿಯೂ ಇಂಥ ಗೆರೆಗಳನ್ನು ಯಾರಾದರೂ ಹಾಕಲೇಬೇಕು. ಸಕಾರ ಶಕಾರಗಳ ಭೇದವನ್ನು ಬಲ್ಲ ಭಾಷಾಶಾಸ್ತ್ರದ ವಿದ್ಯಾರ್ಥಿ ಆಗ ಪಕ್ಕದಲ್ಲಿ ಇರಬೇಡವೆ?

ಬೆಂಗಳೂರಿಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದು 1985ರಲ್ಲಿ. ಈ ಬಗೆಯ ಚಿಪ್ಪುಗಳ ಕೆಲಸ ಬಲ್ಲವರು ಇಂದು ನಮ್ಮ ನಾಡಿನಲ್ಲಿಯೇ ಇದ್ದಾರೆ. ಮುಂದಿನ ವರ್ಷ ನಮ್ಮ ಕನ್ನಡ ಸಂಘದವರು ಕವಿಗಳೊಡನೆ ಅಂಥ ಒಬ್ಬರನ್ನೂ ಕರೆಯಲಿ. ಅವರ ಗೆರೆ ಎಲ್ಲಿ ಬಿದ್ದಿದೆಯೆಂದು ನಾವು ಕೇಳೋಣ.