ಬೆಳಗಾವಿಯ ಶಾಸನ ಲಂಡನ್ನಿನಲ್ಲಿ, ಜಗಳ ಮಾತ್ರ ಇಲ್ಲಿ

ಕ್ರಿ.ಶ. 1204ರಲ್ಲಿ ವೇಣುಗ್ರಾಮದಲ್ಲಿ, ಅಂದರೆ ಇಂದಿನ ಬೆಳಗಾವಿಯಲ್ಲಿ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲಕ್ಕೆ ಜಿನಾಲಯವೊಂದಕ್ಕೆ ದತ್ತಿ ಬಿಡಲಾಯಿತು. ಕಟ್ಟಿಸಿದವನು ಮಂತ್ರಿ ಬೀಚಿರಾಜ. ಆ ದತ್ತಿಯನ್ನು ಸಾರುವ ಎರಡು ಕನ್ನಡ ಶಾಸನಗಳು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಮಹಾರಾಷ್ಟ್ರದೊಂದಿಗಿನ ಗಡಿ ತಕರಾರು ಎದ್ದಾಗಲೆಲ್ಲ ನಾಮಫಲಕಕ್ಕೆ ಮಸಿ ಬೀಳುತ್ತದೆ, ಬಸ್ಸುಗಳು ನಿಲ್ಲುತ್ತವೆ. ಎಂಟು ಶತಮಾನದ ಈ ಸಾಕ್ಷಿ ಮಾತ್ರ ಯಾರ ಬೇಡಿಕೆಯ ಪಟ್ಟಿಯಲ್ಲೂ ಮೇಲೆ ಬರುವುದಿಲ್ಲ.

‘ಅಲ್ಲೇ ಭದ್ರವಾಗಿವೆ ಬಿಡಿ’ ಎನ್ನುವವರಿದ್ದಾರೆ. ಅವರು ಹಾರ್ಟ್‌ವಿಗ್ ಫಿಷರ್ ಕಥೆ ಓದಬೇಕು.

1962ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿದ ಈ ಕಲಾ ಇತಿಹಾಸಕಾರ ಎಸ್ಸೆನ್ನಿನ ಫೋಕ್‌ವಾಂಗ್ ಮ್ಯೂಸಿಯಂ, ಡ್ರೆಸ್ಡೆನ್ನಿನ ಸರ್ಕಾರಿ ಕಲಾಸಂಗ್ರಹಗಳನ್ನು ನಡೆಸಿ, 2016ರಲ್ಲಿ ಬ್ರಿಟಿಷ್ ಮ್ಯೂಸಿಯಂನ ನಿರ್ದೇಶಕರಾದರು. ಅಲ್ಲಿನ ವಸ್ತುಗಳು ಕಳುವಾಗಿ ಮಾರಾಟಕ್ಕೆ ಬಂದಿವೆಯೆಂದು ಡೆನ್ಮಾರ್ಕಿನ ಪ್ರಾಚ್ಯವಸ್ತು ವ್ಯಾಪಾರಿಯೊಬ್ಬರು 2021ರಲ್ಲೇ ಎಚ್ಚರಿಸಿದ್ದರು. ಆ ದೂರನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲವೆಂದು ಒಪ್ಪಿಕೊಂಡು ಫಿಷರ್ 2023ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಕಾಣೆಯಾದ, ಹಾಳಾದ ವಸ್ತುಗಳು ಸುಮಾರು 2,000. ಎಷ್ಟೋ ವಸ್ತುಗಳಿಗೆ ಸರಿಯಾದ ದಾಖಲೆಯೇ ಇರಲಿಲ್ಲ. ಭದ್ರತೆಯ ವಾದ ಅಲ್ಲಿಗೆ ಮುಗಿಯಿತು.

ಇದೇ ಫಿಷರ್ 2019ರಲ್ಲಿ, ಅಥೆನ್ಸಿನ ಪಾರ್ಥೆನಾನ್ ಶಿಲ್ಪಗಳನ್ನು ಲಂಡನ್ನಿಗೆ ತಂದದ್ದನ್ನೂ ಸೃಜನಶೀಲ ಕ್ರಿಯೆ ಎಂದು ಕಾಣಬಹುದೆಂದು ಗ್ರೀಕ್ ಪತ್ರಿಕೆಯೊಂದಕ್ಕೆ ಹೇಳಿದ್ದರು. ಆದರೆ ನಾಜಿಗಳು 1937ರಲ್ಲಿ ಫೋಕ್‌ವಾಂಗ್‌ನಿಂದ ಕಿತ್ತೊಯ್ದು ಚೆದುರಿಸಿದ ಕಲಾಕೃತಿಗಳಲ್ಲಿ ಹಲವನ್ನು 2010ರಲ್ಲಿ ಎರವಲು ತಂದು, ಎಸ್ಸೆನ್ನಿನಲ್ಲೇ ಮತ್ತೆ ಒಟ್ಟಿಗೆ ತೋರಿಸಿದಾಗ ಆ ಮ್ಯೂಸಿಯಂನ ನಿರ್ದೇಶಕರು ಅವರೇ! ಎಸ್ಸೆನ್ನಿಗೆ ಸಂದ ನ್ಯಾಯ ಅಥೆನ್ಸಿಗೂ ಬೆಳಗಾವಿಗೂ ಏಕಿಲ್ಲ?

ಸಂಗ್ರಹದ ವಸ್ತುವನ್ನು ಬಿಟ್ಟುಕೊಡಲು 1963ರ ಬ್ರಿಟಿಷ್ ಮ್ಯೂಸಿಯಂ ಕಾಯ್ದೆ ಬಿಡುವುದಿಲ್ಲ ಎಂಬುದು ಲಂಡನ್ನಿನ ಉತ್ತರ. ಎರವಲಿಗೆ ಆ ಕಾಯ್ದೆ ಅಡ್ಡಬರದು. ಘಾನಾದ ಅಸಾಂಟೆ ಚಿನ್ನದ ವಸ್ತುಗಳು 2024ರಲ್ಲಿ ಹಾಗೆಯೇ ತವರು ಕಂಡವು.

ಕೇಳುವವರಿಗೂ ಹೊಣೆಯಿದೆ. ಖಾನಾಪುರ ತಾಲ್ಲೂಕಿನ ಹಲಸಿ, ಹಳೆಯ ಪಲಾಶಿಕಾ, ಕದಂಬರ ತಾಮ್ರಪಟಗಳು ಸಿಕ್ಕ ಊರು; ಅಲ್ಲಿ ಜಿನಾಲಯ ಕಟ್ಟಿಸಿದ್ದನ್ನು ಮೃಗೇಶವರ್ಮನ ಶಾಸನ ಹೇಳುತ್ತದೆ. ಭೂವರಾಹ ನರಸಿಂಹ ದೇವಾಲಯ ನೋಡಲು ಬಂದವರಿಗೆ ಈ ಇತಿಹಾಸವನ್ನು ಬಿಡಿಸಿ ಹೇಳುವ ವ್ಯವಸ್ಥೆ ಬೇಕು. ಬೆಳಗಾವಿ ಕೋಟೆಯ ಕಮಲ ಬಸದಿಯ ಸಮೀಪ ಕಾವಲು, ದಾಖಲಾತಿ, ತಜ್ಞ ಸಿಬ್ಬಂದಿ ಇರುವ ಶಾಸನಾಲಯವೂ ಬೇಕು. 2012ರಲ್ಲಿ ಬೆಳಗಾವಿಯಲ್ಲೇ ಸುವರ್ಣ ವಿಧಾನಸೌಧ ಎಬ್ಬಿಸಿದ ಸರ್ಕಾರಕ್ಕೆ ಇದೇನೂ ಭಾರವಲ್ಲ. ಮುಂದಿನ ಚಳಿಗಾಲದ ಅಧಿವೇಶನ ಇದಕ್ಕೆ ಹಣ ಮಂಜೂರು ಮಾಡಲಿ. ಎರಡೂ ಶಾಸನಗಳನ್ನು ದೀರ್ಘಾವಧಿ ಎರವಲಾಗಿ ಕೊಡಿರೆಂದು ಕೇಂದ್ರದ ಮೂಲಕ ಲಂಡನ್ನಿಗೆ ಪತ್ರ ಹೋಗಲಿ.